ಹಗೇವಿನ ಹರಳು

ವೆಂಕಟರತ್ನಮ್ಮನನ್ನು ಹಟಮಾರಿ ಎಂದವರು ಯಾರೂ ಸುಳ್ಳು ಹೇಳಲಿಲ್ಲ. ಶ್ರೀನಿವಾಸಪುರದಿಂದಾಚೆ ಗುಟ್ಟಪಲ್ಲಿ ಎಂಬ ಊರಿನಲ್ಲಿ ರೇಷ್ಮೆಹುಳು ಸಾಕುವ ಮನೆ ಅವರದು. ತಂದೆ ದೊಡ್ಡನಾರಾಯಣಪ್ಪ ಮಗಳನ್ನು ಹೈಸ್ಕೂಲಿಗೆ ಕಳಿಸಿದಾಗ ಊರು ಮೂಗು ಮುರಿಯಿತು. ಬಿ.ಎಸ್ಸಿ. ಓದಲು ಬೆಂಗಳೂರಿಗೆ ಕಳಿಸುವ ಹೊತ್ತಿಗೆ ಮುರಿಯಲು ಮೂಗೇ ಉಳಿದಿರಲಿಲ್ಲ. "ಓದಿ ಏನ್ ಕಡಿದು ಕಟ್ಟೆ ಹಾಕ್ತಾಳೆ?" ಎಂದು ಕೇಳಿದ ದೊಡ್ಡವರೊಬ್ಬರಿಗೆ ಅವಳೇ ಎದುರು ನಿಂತು, "ನಿಮ್ ಕೈಲಿ ಆಗ್ದೇ ಇರೋದನ್ನ ಕಡೀತೀನಿ ಬಿಡಿ" ಎಂದಿದ್ದಳು. ಆ ಮಾತು ಅವಳಿಗಿಂತ ಮೊದಲು ಸುತ್ತಲ ಊರುಗಳಿಗೆ ಹೋಗಿ ಕೂತಿತು. ಬರಬೇಕಿದ್ದ ಗಂಡುಗಳೆಲ್ಲ ದಾರಿಯಲ್ಲೇ ತಿರುಗಿಕೊಂಡರು. ನಷ್ಟ ಯಾರದು ಎಂದು ಯಾರೂ ಲೆಕ್ಕ ಹಾಕಲಿಲ್ಲ. ರತ್ನಮ್ಮನಂತೂ ಹಾಕಲಿಲ್ಲ, ಅವಳು ಕೋಲಾರದ ಹೆಣ್ಣುಮಕ್ಕಳ ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವ ಕೆಲಸ ಹಿಡಿದು ತನ್ನ ಪಾಡಿಗೆ ತಾನಿದ್ದಳು.

ಹಾಗೇ ಇದ್ದುಬಿಡುತ್ತಿದ್ದಳೋ ಏನೋ. ಆದರೆ ಸಾವಿರದ ಒಂಬೈನೂರ ನಲವತ್ತೆರಡರ ಬೇಸಿಗೆಯಲ್ಲಿ ಜಪಾನಿನವರು ಮದರಾಸಿನ ಮೇಲೆ ಬಾಂಬು ಹಾಕುತ್ತಾರೆಂಬ ಸುದ್ದಿ ಹುಟ್ಟಿ, ಮದರಾಸು ಗಂಟುಮೂಟೆ ಕಟ್ಟಿತು. ಕಚೇರಿಗಳು ಒಂದು ಕಡೆ, ಕಾಲೇಜುಗಳು ಒಂದು ಕಡೆ ಒಳನಾಡಿಗೆ ಓಡಿ ಬಂದವು. ಮದರಾಸಿನ ಒಂದು ಖಾಸಗಿ ಕಾಲೇಜಿನಲ್ಲಿ ಪ್ರೊಫೆಸರಾಗಿದ್ದ ಕೋದಂಡರಾಮಪ್ಪನವರು ಮೂಲತಃ ಮಾಲೂರಿನವರು. ಎಲ್ಲರೂ ಹಾಸಿಗೆ ಪಾತ್ರೆ ಹೊತ್ತು ಬಂದರೆ ಅವರು ಎಕ್ಸ್-ರೇ ಯಂತ್ರ ಹೊತ್ತು ಬಂದರು. ಕೋಲಾರದ ಬೆಟ್ಟದ ಬುಡದಲ್ಲಿ ಬೀಗ ಬಿದ್ದಿದ್ದ ಒಂದು ರೇಷ್ಮೆ ಗೋದಾಮನ್ನು ಬಾಡಿಗೆಗೆ ಹಿಡಿದು, ಕರೆಂಟು ಎಳೆಸಿ, ಯಂತ್ರವನ್ನು ಅಲ್ಲಿ ಕೂರಿಸಿದರು. ಆದರೆ ಅವರ ಶಿಷ್ಯರ್ಯಾರೂ ಈ ಬರಡು ಸೀಮೆಗೆ ಬರಲು ಒಪ್ಪಲಿಲ್ಲ. ಲೆಕ್ಕ ಬಲ್ಲವರು, ಕೆಮಿಸ್ಟ್ರಿ ಬಲ್ಲವರು ಯಾರಾದರೂ ಇದ್ದಾರೆಯೇ ಎಂದು ಊರಲ್ಲಿ ವಿಚಾರಿಸಿದಾಗ ಹೆಡ್‌ಮಿಸ್ಟ್ರೆಸ್ ಶ್ಯಾಮಲಮ್ಮನವರು ರತ್ನಮ್ಮನ ಹೆಸರು ಹೇಳಿದರು. "ಬಾಯಿ ಸ್ವಲ್ಪ ಜೋರು" ಎಂದೂ ಸೇರಿಸಿದರು.

"ನಮ್ ಕಡೆ ಹುಡುಗಿ ಅಲ್ವಾ, ಇರುತ್ತೆ ಬಿಡಿ" ಎಂದರು ಕೋದಂಡರಾಮಪ್ಪ. ಆಗ ಅವರಿಗೆ ಅದು ತಮಾಷೆಯಾಗಿ ಕಂಡಿತ್ತು.

ರತ್ನಮ್ಮ ಶಾಲೆಗೆ ರಜೆ ಹಾಕಿ ಗೋದಾಮಿಗೆ ಬಂದಳು. ಪ್ರೊಫೆಸರರು ಅವಳ ಕೈಗೆ ಒಂದು ಸೀಸೆ ಕೊಟ್ಟರು. ಒಳಗೆ ಮೈದಾಹಿಟ್ಟಿನಂಥ ಬಿಳಿಪುಡಿ. ಅದು ಪಿರಿಮಿಡಿನ್ ಮನೆತನದ ಒಂದು ಸಣ್ಣ ವಸ್ತು. ಅದರ ಅಣುವಿನಲ್ಲಿ ಆರು ಮೂಲೆಯ ಒಂದು ಉಂಗುರವಿದೆ. ನಾಲ್ಕು ಮೂಲೆಯಲ್ಲಿ ಇಂಗಾಲ, ಎರಡು ಮೂಲೆಯಲ್ಲಿ ಸಾರಜನಕ. ಯುದ್ಧದ ಗಾಯಾಳುಗಳಿಗೆ ಕೊಡುವ ಸಲ್ಫಾ ಮಾತ್ರೆಗಳಲ್ಲಿ ಇದರ ದಾಯಾದಿಗಳೇ ಇರುವುದರಿಂದ ಅದರ ರಚನೆ ಗೊತ್ತಾಗಬೇಕೆಂದು ಎಲ್ಲರಿಗೂ ಆತುರ. ಉಂಗುರ ತಟ್ಟೆಯಂತೆ ಚಪ್ಪಟೆಯೋ, ಸೊಟ್ಟಗೆ ಮಡಿಚಿದೆಯೋ? ಅಣುಗಳು ಒಂದರ ಪಕ್ಕ ಒಂದು ಹೇಗೆ ಕೂತಿವೆ? ಇದನ್ನು ಕಣ್ಣಿನಿಂದ ನೋಡಲಾಗದು. ಒಂದು ಒಳ್ಳೆಯ ಹರಳಿನ ಮೂಲಕ ಎಕ್ಸ್-ರೇ ಹಾಯಿಸಿದರೆ ಆಚೆಗಿಟ್ಟ ಫಿಲ್ಮಿನ ಮೇಲೆ ಚುಕ್ಕೆಗಳು ಬೀಳುತ್ತವೆ. ಆ ಚುಕ್ಕೆಗಳ ಜಾಗ ನೋಡಿ, ಎಷ್ಟು ಕಪ್ಪು ಎಂದು ಅಂದಾಜು ಮಾಡಿ, ತಿಂಗಳುಗಟ್ಟಲೆ ಲೆಕ್ಕ ಹಾಕಿದರೆ ಒಳಗಿನ ಸಂಸಾರ ಗೊತ್ತಾಗುತ್ತದೆ.

ಯಂತ್ರದ ಕೊಳವೆ ಕಾಯುತ್ತಿತ್ತು. ಅದರ ಮೇಲೆ ತಣ್ಣೀರು ಹರಿಯುತ್ತಲೇ ಇರಬೇಕು. ಕೋಲಾರದಲ್ಲಿ ನೀರು! ಕುಡಿಯಲು ಸಿಕ್ಕರೆ ಪುಣ್ಯ. ಕೆಲಸದಾಳು ಬಚ್ಚಪ್ಪ ಬಾವಿಯಿಂದ ಕೊಡಗಟ್ಟಲೆ ಹೊತ್ತು ಚಾವಣಿಯ ಮೇಲಿನ ಪೀಪಾಯಿ ತುಂಬಿಸುತ್ತಿದ್ದ. ಕೆಳಗೆ ಹರಿದ ನೀರನ್ನು ಮತ್ತೆ ಮೇಲೆ ಹೊರುತ್ತಿದ್ದ. "ಈ ಯಂತ್ರಕ್ಕಿಂತ ಎಮ್ಮೆ ವಾಸಿ ಕಣಮ್ಮ, ಕುಡಿದ್ರೆ ಹಾಲಾದ್ರೂ ಕೊಡ್ತೈತೆ" ಎಂಬುದು ಅವನ ದಿನದ ದೂರು.

ನೀರಿನ ಪಾಡು ಹೇಗೋ ಆಯಿತು, ಹರಳಿನ ಪಾಡು ಆಗಲಿಲ್ಲ. ಪುಡಿಯನ್ನು ಬಿಸಿ ಸ್ಪಿರಿಟ್ಟಿನಲ್ಲಿ ಕರಗಿಸಿ ತಣ್ಣಗಾಗಲು ಬಿಟ್ಟರೆ ಹರಳು ಕಟ್ಟಬೇಕು ಎಂದು ಪುಸ್ತಕದಲ್ಲಿತ್ತು. ಕಟ್ಟಿತು, ನುಚ್ಚಿನ ಹಾಗೆ. ಗೋದಾಮಿನ ಮುಂದೆ ಮಿಲಿಟರಿ ಲಾರಿಗಳು ಹೋಗುವಾಗ ಮೇಜು ನಡುಗುತ್ತಿತ್ತು. ತಗಡಿನ ಚಾವಣಿಯ ಕೆಳಗೆ ಹಗಲು ಒಲೆ, ಬೆಳಗಿನ ಜಾವ ಚಳಿ. ಒಂದೇ ಸಮನೆ ತಂಪು, ಅಲುಗಾಡದ ನೆಲ, ಇಷ್ಟೇ ಹರಳಿಗೆ ಬೇಕಾದದ್ದು. ಇವೆರಡೂ ಇರುವ ಜಾಗ ಎಲ್ಲಿದೆ ಎಂದು ಯೋಚಿಸುತ್ತ ಊರಿಗೆ ಹೋದ ರತ್ನಮ್ಮ ಮನೆಯಂಗಳದಲ್ಲಿ ಅದರ ಮೇಲೇ ನಿಂತಿದ್ದಳು.

ಹಗೇವು! ಆ ಸೀಮೆಯ ಪ್ರತಿ ರೈತನ ಮನೆ ಮುಂದೂ ಇರುವಂಥದ್ದು. ಬಾಯಿ ಕಿರಿದು, ಹೊಟ್ಟೆ ದೊಡ್ಡದು; ನೆಲದೊಳಗೆ ಆಳಕ್ಕೆ ಅಗೆದು ರಾಗಿ ತುಂಬಿ, ಮೇಲೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಾನುಗಟ್ಟಲೆ ಕಾಳಿಗೆ ಹುಳ ಬೀಳುವುದಿಲ್ಲ. ಅವರ ಮನೆಯ ಎರಡು ಹಗೇವಿನಲ್ಲಿ ಒಂದು ಆಗ ಖಾಲಿಯಿತ್ತು. ಅದರ ಯಜಮಾನಿಕೆ ರತ್ನಮ್ಮನ ಅಪ್ಪನ ತಾಯಿ ಆವಲಮ್ಮನದು. ಆ ಕಡೆ ಅಜ್ಜಿಯನ್ನು ತೆಲುಗಿನವರ ಹಾಗೆ ಅವ್ವ ಎನ್ನುತ್ತಾರೆ.

"ಅವ್ವಾ, ಖಾಲಿ ಹಗೇವು ನಂಗೆ ಬೇಕು."

"ಯಾಕೇ? ನೀನ್ಯಾವ ಹೊಲದಾಗೆ ರಾಗಿ ಬೆಳ್ದೆ?"

"ರಾಗಿ ಅಲ್ಲವ್ವ, ಹರಳು ಬೆಳೀತೀನಿ."

ಪುಡಿ ಕರಗಿಸಲು ಮೊಮ್ಮಗಳು ತಂದಿದ್ದ ಸೀಸೆಯನ್ನು ಆವಲಮ್ಮ ಕಿತ್ತುಕೊಂಡು ಬಿರಡೆ ತೆಗೆದು ಮೂಸಿದಳು. ಮುಖ ಸಿಂಡರಿಸಿದಳು.

"ಇದು ಸಾರಾಯಿ."

"ಸಾರಾಯಿ ಅಲ್ಲ, ಸ್ಪಿರಿಟ್ಟು."

"ರೆಂಡೂ ಒಕಟೇ, ಎರಡೂ ಒಂದೇ!" ಎಂದಳು ಮುದುಕಿ. ಸಿಟ್ಟು ಬಂದಾಗ ಅವಳಿಗೆ ತೆಲುಗು ಬರುತ್ತಿತ್ತು. "ಅನ್ನ ಇಡೋ ಗುಂಡಿಯಾಗೆ ಇದನ್ನ ಇಡ್ತೀಯಾ? ವದ್ದೇ ತಲ್ಲೀ, ಬೇಡ. ಇಳಿಯೋಕ್ ಮುಂಚೆ ದೀಪ ಬಿಡಬೇಕಲ್ಲ, ಆಗ ಭಗ್ಗಂದ್ರೆ ಯಾವನ್ ಬರ್ತಾನೆ ಆರ್ಸೋಕೆ?"

ಅದೂ ನಿಜವೇ. ಮುಚ್ಚಿದ ಹಗೇವಿನಲ್ಲಿ ಕೆಟ್ಟ ಗಾಳಿ ತುಂಬಿರುತ್ತದೆ. ಹಾಗೇ ಇಳಿದವರು ಮೇಲೆ ಬಂದದ್ದಿಲ್ಲ. ಆದ್ದರಿಂದ ಚಪ್ಪಡಿ ಸರಿಸಿ, ಸ್ವಲ್ಪ ಹೊತ್ತು ಬಿಟ್ಟು, ಹಗ್ಗಕ್ಕೆ ಉರಿಯುವ ದೀಪ ಕಟ್ಟಿ ಇಳಿಬಿಡುತ್ತಾರೆ. ದೀಪ ಆರಿದರೆ ಇಳಿಯಬಾರದು, ಉರಿದರೆ ಇಳಿಯಬಹುದು. ಸ್ಪಿರಿಟ್ಟಿನ ಆವಿ ತುಂಬಿದ ಗುಂಡಿಗೆ ಬೆಂಕಿ ಇಳಿಬಿಡುವುದು ಎಂಥ ಬುದ್ಧಿವಂತಿಕೆ ಎಂದು ಬಿ.ಎಸ್ಸಿ. ಓದಿದವಳಿಗೆ ಯಾರೂ ವಿವರಿಸಬೇಕಿರಲಿಲ್ಲ. ಊರನ್ನೇ ಎದುರು ಹಾಕಿಕೊಂಡ ರತ್ನಮ್ಮ ಜಗತ್ತಿನಲ್ಲಿ ವಾದಿಸದೆ ಸೋಲುತ್ತಿದ್ದದ್ದು ಈ ಮುದುಕಿಯೊಬ್ಬಳ ಹತ್ತಿರ. ಹಟದ ಬಿತ್ತನೆ ಬೀಜ ಅಲ್ಲಿಂದಲೇ ಬಂದದ್ದು.

ಸ್ಪಿರಿಟ್ಟು ಬೇಡವಾದರೆ ಬೇಡ, ನೀರಿದೆಯಲ್ಲ. ಪುಡಿ ಬಿಸಿನೀರಿನಲ್ಲೂ ಸೊಗಸಾಗಿ ಕರಗಿತು. ರತ್ನಮ್ಮ ಗೂಡಿನಿಂದ ತೆಗೆದ ಒಂದೇ ಎಳೆ ರೇಷ್ಮೆಗೆ ಚೂರು ಹರಳೊಂದನ್ನು ಕಟ್ಟಿ, ಆ ನೀರಿನೊಳಗೆ ತೂಗುಬಿಟ್ಟು, ಪಾತ್ರೆಯ ಬಾಯಿಗೆ ಬಟ್ಟೆ ಕಟ್ಟಿ ಹಗೇವಿನ ತಳದಲ್ಲಿಟ್ಟು ಬಂದಳು. ಅಮಾವಾಸ್ಯೆ ಕಳೆದು ಹುಣ್ಣಿಮೆ ಬಂದ ಮೇಲೆ ತೆಗೆದು ನೋಡಿದರೆ ಎಳೆಯ ತುದಿಯಲ್ಲಿ ಕಲ್ಲುಸಕ್ಕರೆಯಂಥ ಹರಳು, ಅಂಚುಗಳು ಅಷ್ಟು ಚೂಪು, ಒಳಗೆ ಒಂದು ಗೀರೂ ಇಲ್ಲ. ಅವಳು ಅಂಗಳದಲ್ಲೇ ಕೂಗಿಕೊಂಡಳು.

ಕೋದಂಡರಾಮಪ್ಪ ಹರಳನ್ನು ಬೆಳಕಿಗೆ ಹಿಡಿದು, "ಭೇಷ್!" ಎಂದರು. ಎಲ್ಲಿ ಬೆಳೆಯಿತು, ಯಾವುದರಲ್ಲಿ ಬೆಳೆಯಿತು ಎಂದು ಕೇಳಲಿಲ್ಲ. ಅವಳೂ ಹೇಳಲಿಲ್ಲ. ಮುಚ್ಚಿಡಬೇಕೆಂದಲ್ಲ. ಆದರೆ 'ಸ್ಪಿರಿಟ್ಟು ಬೇಡ ಅಂತ ನಮ್ಮವ್ವ ಅಂದ್ಲು' ಎಂದು ಮದರಾಸಿನ ಪ್ರೊಫೆಸರರ ಮುಂದೆ ಹೇಳಲು ಯಾರಿಗಾದರೂ ನಾಲಿಗೆ ಬರುತ್ತದೆಯೇ? ಕರಗಿಸುವ ದ್ರವ ಯಾವುದಾದರೇನು, ಕರಗಿದ ವಸ್ತು ಅದೇ ತಾನೆ ಎಂದುಕೊಂಡಳು. ಒಂದು ಹರಳನ್ನು ಅರೆದು, ನಿಯಮದ ಪ್ರಕಾರ ಬಿಸಿಗೂಡಿನಲ್ಲಿ ಒಣಗಿಸಿ, ಎಷ್ಟು ಕಾವಿಗೆ ಕರಗುತ್ತದೆಂದು ನೋಡಿದಳು. ಪುಸ್ತಕದಲ್ಲಿದ್ದ ಕಾವಿಗೇ ಕರಗಿತು. ಅಲ್ಲಿಗೆ ಅನುಮಾನ ಮುಗಿಯಿತು. ಪ್ರೊಫೆಸರರು, ಸ್ಪಿರಿಟ್ಟಿನಲ್ಲಿ ತಮ್ಮ ಪ್ರಯೋಗಶಾಲೆಯಲ್ಲೇ ಬೆಳೆದ ಹರಳು ಎಂದು ಕಾಲೇಜಿಗೆ ವರದಿ ಕಳಿಸಿಯೂ ಬಿಟ್ಟರು.

ಜಗಳ ಹುಟ್ಟಿದ್ದು ಒಂದು ಭಾಗಾಕಾರದಲ್ಲಿ. ಹರಳೆಂದರೆ ಒಂದೇ ಅಳತೆಯ ಕೋಣೆಗಳ ಸಾಲು. ಒಂದು ಕೋಣೆ ಎಷ್ಟು ದೊಡ್ಡದೆಂದು ಫಿಲ್ಮಿನ ಚುಕ್ಕೆಗಳು ಹೇಳುತ್ತವೆ. ಹರಳಿನ ಸಾಂದ್ರತೆಯನ್ನು ಬೇರೆ ಅಳೆಯಬೇಕು: ಒಂದು ಹಗುರ ದ್ರವ, ಒಂದು ಭಾರದ ದ್ರವ ಬೆರೆಸುತ್ತ ಹೋಗಿ, ಹರಳು ತೇಲದೆ ಮುಳುಗದೆ ನಡುವೆ ನಿಂತಾಗ ಆ ಮಿಶ್ರಣವನ್ನು ತೂಗಬೇಕು. ಎರಡೂ ಸಿಕ್ಕರೆ ಒಂದು ಕೋಣೆಯಲ್ಲಿ ಎಷ್ಟು ಅಣು ವಾಸ ಎಂದು ಗೊತ್ತಾಗುತ್ತದೆ. ಉತ್ತರ ಪೂರ್ಣ ಸಂಖ್ಯೆಯೇ ಬರಬೇಕು, ಚುಕ್ಕೆಗಳ ಜೋಡಣೆ ನೋಡಿದರೆ ನಾಲ್ಕೇ ಬರಬೇಕು. ರತ್ನಮ್ಮನಿಗೆ ನಾಲ್ಕೂವರೆಗಿಂತ ಒಂದು ಚೂರು ಹೆಚ್ಚು ಬಂತು.

"ತಪ್ಪು" ಎಂದರು ಕೋದಂಡರಾಮಪ್ಪ. ಅವಳು ಮತ್ತೆ ಮಾಡಿದಳು. ಅದೇ ಬಂತು. "ಹರಳಿಗೆ ಗಾಳಿಗುಳ್ಳೆ ಅಂಟಿಕೊಂಡಿರುತ್ತೆ" ಎಂದರು. ಗಾಳಿಗುಳ್ಳೆ ಅಂಟಿದರೆ ಹರಳು ಹಗುರವಾಗಬೇಕು, ಇದು ಭಾರವಾಗಿದೆ ಎಂದಳು. "ಹಾಗಾದ್ರೆ ತಕ್ಕಡಿ ಸರಿಯಿಲ್ಲ" ಎಂದರು. ಅವಳು ಪೇಟೆಯ ಅಕ್ಕಸಾಲಿಗನ ಹತ್ತಿರ ಹೋಗಿ, ಕಾಡಿ ಬೇಡಿ, ಅವನ ಚಿನ್ನದ ತಕ್ಕಡಿಯಲ್ಲಿ ತೂಗಿಕೊಂಡು ಬಂದಳು. ಅದೇ ನಾಲ್ಕೂವರೆ ಚಿಲ್ಲರೆ. ಹೊರಗೆ ಬಂದು ಬಚ್ಚಪ್ಪನ ಮುಂದೆ, "ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ" ಎಂದು ಗೊಣಗಿದಳು. ಅದು ಒಳಗೂ ಕೇಳಿಸಿತು.

ಲೆಕ್ಕದ ಕೆಲಸ ನಿಲ್ಲಲಿಲ್ಲ. ರಟ್ಟಿನ ಉದ್ದನೆ ಪಟ್ಟಿಗಳ ಮೇಲೆ ಅಂಕಿಗಳನ್ನು ಬರೆದುಕೊಂಡು, ಬೇಕಾದ ಪಟ್ಟಿಗಳನ್ನು ಒಂದರ ಕೆಳಗೊಂದು ಜೋಡಿಸಿ ಕೂಡುತ್ತ ಕೂಡುತ್ತ ಒಂದು ಮಳೆಗಾಲ, ಒಂದು ಚಳಿಗಾಲ ಕಳೆಯಿತು. ಕೊನೆಗೆ ಸರ್ವೆ ನಕ್ಷೆಯಲ್ಲಿ ಬೆಟ್ಟ ಬರೆಯುವ ಹಾಗೆ ಗೆರೆಗಳ ಒಂದು ನಕ್ಷೆ ಎದ್ದಿತು. ಅಣುವಿನ ಒಂದೊಂದು ಪರಮಾಣು ಒಂದೊಂದು ಗುಡ್ಡ. ಆರು ಗುಡ್ಡಗಳ ಉಂಗುರ, ಚಪ್ಪಟೆ, ಸ್ಪಷ್ಟ! ರತ್ನಮ್ಮ ಅದನ್ನು ನೋಡಿದಾಗ ಅವಳ ಕಣ್ಣಲ್ಲಿ ನೀರು ಬಂತು. ಜಗತ್ತಿನಲ್ಲಿ ಇನ್ನೂ ಯಾರೂ ನೋಡದ ವಸ್ತುವನ್ನು ಗುಟ್ಟಪಲ್ಲಿಯ ಹುಡುಗಿ ನೋಡುತ್ತಿದ್ದಳು.

ಆದರೆ ಉಂಗುರದಿಂದ ದೂರ, ಬಯಲಿರಬೇಕಾದ ಕಡೆ, ಇನ್ನೊಂದು ಗುಡ್ಡ ನಿಂತಿತ್ತು. ಯಾವ ಪರಮಾಣುವಿನದೂ ಅಲ್ಲದ ಒಂಟಿ ಗುಡ್ಡ.

"ಕೂಡೋದ್ರಲ್ಲಿ ತಪ್ಪಿದ್ದೀಯ. ಅದನ್ನ ಅಳಿಸು" ಎಂದರು ಪ್ರೊಫೆಸರರು.

"ಎರಡು ಸಲ ಕೂಡಿದ್ದೀನಿ ಸಾರ್."

"ಆ ನಾಲ್ಕೂವರೆ ಕೂಡ ನಾಲ್ಕು ಮಾಡು. ನೋಡಮ್ಮ, ಉಂಗುರ ಸಿಕ್ತಲ್ಲ, ಅದೇ ಮುಖ್ಯ. ಇವೆರಡು ಸಣ್ಣಪುಟ್ಟವು. ಎಲ್ರೂ ಹೀಗೆ ಸರಿಮಾಡ್ಕೊಳ್ತಾರೆ."

"ಎಲ್ರೂ ಮಾಡ್ಕೊಳ್ಲಿ ಸಾರ್. ನಾನು ಅಳೆದದ್ದು ನಾಲ್ಕೂವರೆ."

"ನಿಂಗೆ ಗೊತ್ತಾ ಅದ್ಯಾಕೆ ಅಂತ?"

"ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಬರೀರಿ."

ಕೋದಂಡರಾಮಪ್ಪ ಕೆಟ್ಟ ಮನುಷ್ಯರಲ್ಲ. ಮಾಲೂರಿನಿಂದ ಹೋಗಿ, ಯಾರ ಬೆಂಬಲವೂ ಇಲ್ಲದೆ ಮದರಾಸಿನಲ್ಲಿ ಪ್ರೊಫೆಸರಾದವರು. ಅಂಥವರಿಗೆ ಮೆಟ್ಟಿಲು ಹತ್ತಿದ್ದಕ್ಕಿಂತ ಜಾರುವ ಭಯ ಹೆಚ್ಚು. ನಲವತ್ತನಾಲ್ಕರ ಯುಗಾದಿ ಹೊತ್ತಿಗೆ ಬಾಂಬಿನ ಭಯ ಹೋಗಿ, ಕಾಲೇಜು ಅವರನ್ನು ವಾಪಸು ಕರೆದಿತ್ತು. ಹೋಗುವಾಗ ಕೈಯಲ್ಲಿ ಒಂದು ಲೇಖನ ಇರಲೇಬೇಕಿತ್ತು. ರತ್ನಮ್ಮನಿಗೆ ಅವರು ಮದರಾಸಿನಲ್ಲಿ ಸಂಶೋಧಕಿಯ ಜಾಗ ಕೊಡಿಸುವುದಾಗಿ ಮಾತು ಕೊಟ್ಟಿದ್ದರು. ಅದು ಅವಳಿಗೆ ಎಷ್ಟು ದೊಡ್ಡ ಆಸೆಯಾಗಿತ್ತೆಂದರೆ, ಯಾರಿಗೂ ಹೇಳದೆ ಟ್ರಂಕು ಜೋಡಿಸಿಟ್ಟಿದ್ದಳು.

"ಸೋಮವಾರ ಲಾರಿ ಬರುತ್ತೆ" ಎಂದರು ಅವರು. "ಅಷ್ಟರಲ್ಲಿ ನಾಲ್ಕು ಅಂತ ಬರೆದು ಸಹಿ ಹಾಕು. ಹಾಕಿದ್ರೆ ಯಂತ್ರದ ಜೊತೆ ನೀನೂ ಬರ್ತೀಯ. ಇಲ್ಲಾಂದ್ರೆ ಯಂತ್ರ ಮಾತ್ರ ಬರುತ್ತೆ."

ಅಂದು ಸಣ್ಣ ರೈಲಿನಲ್ಲಿ ಶ್ರೀನಿವಾಸಪುರಕ್ಕೆ ಹೊರಟ ರತ್ನಮ್ಮನಿಗೆ ದಾರಿಯುದ್ದಕ್ಕೂ ಅದೇ ಯೋಚನೆ. ಒಂದು ಅಂಕಿ ತಾನೆ? ತಿದ್ದಿದರೆ ಯಾರ ಮನೆ ಮುಳುಗುತ್ತದೆ? ಹೀಗೆ ಮನಸ್ಸು ಕೇಳಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎಂದು ಅದೇ ಮನಸ್ಸು ಉತ್ತರವನ್ನೂ ಹೇಳಿತು. ಉತ್ತರ ಸರಿಯಿತ್ತು, ಆದರೂ ಟ್ರಂಕಿನ ನೆನಪಾದಾಗಲೆಲ್ಲ ಸಂಕಟವಾಗುತ್ತಿತ್ತು.

ಹಗೇವಿನಲ್ಲಿ ಕೊನೆಯ ಪಾತ್ರೆಯೊಂದು ಉಳಿದಿತ್ತು. ಮಾರನೆಯ ಬೆಳಗ್ಗೆ ಚಪ್ಪಡಿ ಸರಿಸಿದರು. ಆವಲಮ್ಮ ದೀಪ ಬಿಟ್ಟು, ಅದು ಉರಿಯುವುದನ್ನು ನೋಡಿ, "ಇಳಿ" ಎಂದಳು. ರತ್ನಮ್ಮ ಸೆರಗು ಬಿಗಿದು ಏಣಿಯಿಂದಿಳಿದು ಹರಳುಗಳನ್ನು ತಂದಳು. ಒದ್ದೆಯಾಗಿದ್ದವೆಂದು ಒರೆಸಿ ಅದೇ ಚಪ್ಪಡಿಯ ಮೇಲೆ ಬಿಸಿಲಿಗೆ ಹರಡಿ ಊಟಕ್ಕೆ ಕೂತಳು. ಮುದ್ದೆ ಮುಗಿಸಿ ಬಂದು ನೋಡಿದರೆ ಹರಳುಗಳ ಅಂಚು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

ಇದು ಹೊಸದೇನಲ್ಲ. ಕೋಲಾರದಲ್ಲೂ ಹೊರಗಿಟ್ಟ ಹರಳುಗಳು ಬೇಸಿಗೆಯಲ್ಲಿ ಹೀಗೇ ಆಗುತ್ತಿದ್ದವು; ಕಳಪೆ ಎಂದು ಪ್ರೊಫೆಸರರು ಬಿಸಾಡಿಸುತ್ತಿದ್ದರು. ಧೂಳು ಕೂರದಿರಲೆಂದು ಸಣ್ಣ ಗಾಜಿನ ಕೊಳವೆಯಲ್ಲಿಟ್ಟು ಅರಗು ಮುಚ್ಚಿದ ಹರಳುಗಳು ಮಾತ್ರ ಎಂದೂ ಬೆಳ್ಳಗಾಗಿರಲಿಲ್ಲ. ಎಕ್ಸ್-ರೇ ಹಾಯಿಸಿದ್ದು ಅಂಥವಕ್ಕೇ, ಸಾಂದ್ರತೆ ಅಳೆದದ್ದು ಹಗೇವಿನಿಂದ ತಂದ ಹಸಿಯವಕ್ಕೇ. ಕರಗುವ ಕಾವು ನೋಡಿದ್ದು ಮಾತ್ರ ಒಣಗಿಸಿದ ಪುಡಿಗೆ. ರತ್ನಮ್ಮ ಬಿಸಿಲಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಲೇ ಇದ್ದಳು. ಬೆಳುಪು ಅಂಚಿನಿಂದ ಒಳಕ್ಕೆ ಹಬ್ಬುತ್ತಿತ್ತು. ಮೈ ಒರೆಸಿಯಾಗಿದೆ, ಇನ್ನೂ ಏನೋ ಒಣಗುತ್ತಿದೆ. ಮೈಯಲ್ಲಲ್ಲ, ಒಳಗೆ. ಒಳಗೆ ಏನಿದೆ ಒಣಗಲು? ಸ್ಪಿರಿಟ್ಟು? ಅದನ್ನು ಅವ್ವ ಬಾಗಿಲಲ್ಲೇ ತಡೆದಿದ್ದಳಲ್ಲ.

"ನೀರು!" ಎಂದಳು ಜೋರಾಗಿ.

"ಕೊಡದಾಗೈತೆ, ಬಗ್ಗಿಸ್ಕೊ" ಎಂದಳು ಆವಲಮ್ಮ.

ರತ್ನಮ್ಮ ನಕ್ಕಳು, ಆಮೇಲೆ ತನ್ನ ಹಣೆಗೆ ತಾನೇ ಹೊಡೆದುಕೊಂಡಳು. ಹರಳು ಕಟ್ಟುವಾಗ ನೀರೂ ಕೋಣೆಯೊಳಗೆ ಸಂಸಾರ ಹೂಡಿತ್ತು. ಆ ಒಂಟಿ ಗುಡ್ಡ ನೀರಿನದು. ಹೆಚ್ಚಾದ ತೂಕ ನೀರಿನದು. ಬಿಸಿಗೂಡಿನಲ್ಲಿ ಒಣಗಿಸಿದ ಪುಡಿಯಲ್ಲಿ ಅದು ಉಳಿದಿರಲಿಲ್ಲ, ಅದಕ್ಕೇ ಕರಗುವ ಕಾವು ಪುಸ್ತಕಕ್ಕೆ ಸರಿಬಂದಿತ್ತು. ಅಂಗಳದ ಮಣ್ಣಿನ ಮೇಲೆ ಬೆರಳಲ್ಲೇ ಲೆಕ್ಕ ಬರೆದಳು: ಒಂದೊಂದು ಅಣುವಿಗೆ ಒಂದೊಂದು ನೀರಿನ ಅಣು ಸೇರಿಸಿ ಭಾಗಿಸಿದರೆ, ಬಂತು, ಸರಿಯಾಗಿ ನಾಲ್ಕು. ಎರಡು ವರ್ಷ ಅವಳ ಅಳತೆ ಸರಿಯಿತ್ತು, ಅವಳೇ ತಪ್ಪಿದ್ದಳು. ನೀರಲ್ಲಿ ಬೆಳೆದೆ ಎಂದು ಮೊದಲ ದಿನವೇ ಒಂದು ಮಾತು ಆಡಿದ್ದರೆ! ನಾಚಿಕೆಯೂ ಆಯಿತು, ಖುಷಿಯೂ ಆಯಿತು, ಖುಷಿಯೇ ಹೆಚ್ಚಾಯಿತು.

ಸೋಮವಾರ ಗೋದಾಮಿನ ಮುಂದೆ ಲಾರಿ ನಿಂತಿತ್ತು. ಯಂತ್ರವನ್ನು ಗೋಣಿಯಲ್ಲಿ ಸುತ್ತಿ ಹಗ್ಗ ಬಿಗಿಯುತ್ತಿದ್ದರು. ರತ್ನಮ್ಮ ನೇರವಾಗಿ ಒಳಗೆ ಹೋಗಿ, ಹರಳುಗಳಿದ್ದ ಒಂದು ಗಾಜಿನ ಕೊಳವೆಯ ತುದಿಯನ್ನು ಸ್ಟವ್ವಿನ ಮೇಲೆ ಹಿಡಿದಳು. ಹರಳು ಬೆಳ್ಳಗಾಯಿತು. ಕೊಳವೆಯ ತಣ್ಣನೆಯ ತುದಿಯಲ್ಲಿ ಸಣ್ಣ ಸಣ್ಣ ಹನಿಗಳು ಕೂತವು.

"ಇದು ನೀರು ಸಾರ್. ಹಸಿ ಹರಳನ್ನೂ ಒಣಗಿದ್ದನ್ನೂ ತೂಗಿ ನೋಡಿದ್ದೀನಿ. ಒಂದು ಅಣುವಿಗೆ ಒಂದು ನೀರು."

ಕೋದಂಡರಾಮಪ್ಪ ಹನಿಯನ್ನು ನೋಡಿದರು, ನಕ್ಷೆಯ ಒಂಟಿ ಗುಡ್ಡವನ್ನು ನೋಡಿದರು, ಮನಸ್ಸಿನಲ್ಲೇ ಭಾಗಿಸಿದರು. ಅವರ ಮುಖ ಅರಳಿತು. "ನಾನ್ ಹೇಳ್ಲಿಲ್ವಾ ನಾಲ್ಕು ಅಂತ!"

"ನಾಲ್ಕು ಸರಿ ಸಾರ್. ನೀವು ಹೇಳಿದ ಹಾಗೆ ತಿದ್ದಿದ್ರೆ ನೀರು ಮಾತ್ರ ಸಿಕ್ತಿರ್ಲಿಲ್ಲ."

ಅವರು ಹನಿಯನ್ನು ಇನ್ನೊಮ್ಮೆ ನೋಡಿ, "ಸ್ಪಿರಿಟ್ಟಿನ ಹರಳಿಗೆ ನೀರು ಎಲ್ಲಿಂದ ಬಂತು?" ಎಂದು ಕೇಳಿದರು. ಆಗ ರತ್ನಮ್ಮ ಎಲ್ಲವನ್ನೂ ಹೇಳಿದಳು, ಹಗೇವು, ದೀಪ, ಅವ್ವ, ಬಿಸಿನೀರು. "ಮೊದಲೇ ಹೇಳದೆ ಇದ್ದದ್ದು ನನ್ನ ತಪ್ಪು. ಅದನ್ನೂ ಬರೀಬೇಕು."

ಪ್ರೊಫೆಸರರ ಅರಳಿದ ಮುಖ ಮುದುಡಿತು. ತಮ್ಮ ಪ್ರಯೋಗಶಾಲೆಯಲ್ಲಿ ಬೆಳೆಯಿತೆಂದು ತಾವೇ ವರದಿ ಕಳಿಸಿದ ಹರಳು, ಎರಡು ವರ್ಷ ಒಂದು ಹಳ್ಳಿಯ ರಾಗಿ ಗುಂಡಿಯಿಂದ ಬರುತ್ತಿತ್ತು, ತಮಗದು ಗೊತ್ತೇ ಇರಲಿಲ್ಲ ಎಂದು ಅಚ್ಚು ಹಾಕಿಸುವುದೇ?

"ಹೀಗ್ ಬರೆಯೋಣ" ಎಂದರು, ದನಿ ತಗ್ಗಿಸಿ. "ಸ್ಪಿರಿಟ್ಟಿನಲ್ಲೇ ಬೆಳೀತು, ಆಮೇಲೆ ಗಾಳಿಯಿಂದ ತೇವ ಎಳ್ಕೊಂಡಿತು."

"ಎಳ್ಕೊಂಡಿಲ್ಲ ಸಾರ್. ಕೋಣೆ ಕಟ್ಟುವಾಗ್ಲೇ ನೀರು ಒಳಗಿತ್ತು. ನಾಳೆ ಇನ್ನೊಬ್ರು ಸ್ಪಿರಿಟ್ಟಿನಲ್ಲಿ ಬೆಳೆದು ನೋಡ್ತಾರೆ, ನೀರು ಸಿಗಲ್ಲ, ಈ ಹುಡುಗಿ ಸುಳ್ಳು ಬರ್ದಿದ್ದಾಳೆ ಅಂತಾರೆ. ನೀರಿನಲ್ಲಿ, ಶ್ರೀನಿವಾಸಪುರದ ಹತ್ರ ಒಂದು ರಾಗಿ ಹಗೇವಿನಲ್ಲಿ ಬೆಳೆದದ್ದು ಅಂತ ಒಂದು ಸಾಲು ಬರೀರಿ. ಸಾಕು."

"ರಾಗಿ ಹಗೇವು! ಓದಿದೋರು ನಗ್ತಾರೆ."

"ನಗ್ಲಿ ಸಾರ್. ಹಿತ್ತಲ ಗಿಡ ಮದ್ದಲ್ಲ ಅಂತ ನೀವು ಅಂದ್ಕೊಂಡ್ರೆ ಅವರು ನಗದೆ ಇನ್ನೇನ್ ಮಾಡ್ತಾರೆ? ನೀವೂ ಹಗೇವಿನ ರಾಗಿ ಉಂಡೇ ದೊಡ್ಡೋರಾಗಿದ್ದು."

ಹಗ್ಗ ಬಿಗಿಯುತ್ತಿದ್ದವರು ಕೈ ನಿಲ್ಲಿಸಿದರು. ಬಚ್ಚಪ್ಪ ನೆಲ ನೋಡಿದ. ಕೋದಂಡರಾಮಪ್ಪನವರ ಕಿವಿ ಕೆಂಪಾಯಿತು. ಅವರು ಬಿಡಿಬಿಡಿಯಾಗಿ ಹೇಳಿದರು: "ಲಾರೀಲಿ ಡ್ರೈವರ್ ಪಕ್ಕ ಸೀಟಿದೆ. ಆ ಒಂದು ಸಾಲು ಬಿಟ್ರೆ ಸೀಟು ನಿಂದು. ಸಾಲು ಬೇಕು ಅಂದ್ರೆ ಬರೀತೀನಿ, ನಾನು ಮಾತಿಗೆ ತಪ್ಪೋನಲ್ಲ. ಆದ್ರೆ ದಿನಾ ನಾಲ್ಕು ಜನದ ಮುಂದೆ ನಿನ್ ಕೈಲಿ ಹೀಗೆ ಅನ್ನಿಸ್ಕೊಳ್ಳೋಕೆ ನನ್ನಿಂದಾಗಲ್ಲ. ಯಾವುದು ಬೇಕು, ಹೇಳು."

ರತ್ನಮ್ಮ ತಿರುಗಿ ನೋಡಿದಳು. ಟ್ರಂಕು ಆಗಲೇ ಬಾಗಿಲ ಪಕ್ಕದಲ್ಲಿತ್ತು. ಬಚ್ಚಪ್ಪನ ಕೈಲಿ ಹೊರಿಸಿಕೊಂಡು ಬಂದಿದ್ದಳು. ಎರಡೂ ಬೇಕು ಎಂದು ಕೂಗಬೇಕೆನಿಸಿತು. ಎರಡೂ ತನಗೆ ಸಲ್ಲಬೇಕಾದವೇ ಆಗಿದ್ದವು.

"ಸಾಲು ಬರೀರಿ ಸಾರ್" ಎಂದಳು.

ಅವರು ನಿಂತಲ್ಲೇ ಬರೆದರು. ಅವಳು ಓದಿ ನೋಡಿ ಸಹಿ ಹಾಕಿದಳು. ಮಿಕ್ಕ ಹರಳುಗಳನ್ನೂ ಅವರ ಕೈಗೇ ಕೊಟ್ಟಳು. ಲಾರಿ ಮುಳಬಾಗಿಲಿನ ರಸ್ತೆ ಹಿಡಿದು ಮರೆಯಾಗುವ ತನಕ ನೆಟ್ಟಗೆ ನಿಂತಿದ್ದು, ಆಮೇಲೆ ಖಾಲಿ ಗೋದಾಮಿನೊಳಗೆ ಹೋಗಿ ಬಿಕ್ಕಿ ಬಿಕ್ಕಿ ಅತ್ತಳು. ಅತ್ತದ್ದು ಮದರಾಸಿಗಾಗಿ. ಸಾಲಿನ ಬಗ್ಗೆ ಅವಳಿಗೆ ಎಳ್ಳಷ್ಟೂ ಪಶ್ಚಾತ್ತಾಪವಿರಲಿಲ್ಲ. ಬಚ್ಚಪ್ಪ ಟ್ರಂಕನ್ನು ತಲೆಯ ಮೇಲಿಟ್ಟುಕೊಂಡು ಶಾಲೆಯ ದಾರಿ ಹಿಡಿದ. ಅವಳು ಹಿಂದೆ ನಡೆದಳು.

ಶಾಲೆ ಅವಳನ್ನು ಮತ್ತೆ ಸೇರಿಸಿಕೊಂಡಿತು. ಊರು ಎಂದಿನಂತೆ ಮಾತಾಡಿತು. ಮದರಾಸಿಗೆ ಹಾರಲು ಹೋದವಳು ಬಿದ್ದಳಂತೆ ಎಂದವರಿಗೆ, "ಬೀಳ್ಲಿಲ್ಲ, ಇಳ್ದೆ" ಎಂದು ಉತ್ತರ ಕೊಟ್ಟಳು. ಪ್ರೊಫೆಸರರಿಂದ ಒಂದು ಸುದ್ದಿಯೂ ಬರಲಿಲ್ಲ. ಲೇಖನ ಕಸದ ಬುಟ್ಟಿ ಸೇರಿತೆಂದೇ ಅವಳು ನಂಬಿದ್ದಳು.

ಯುದ್ಧ ಮುಗಿದ ವರ್ಷ ಶಾಲೆಗೆ ಅಂಚೆಯಲ್ಲಿ ಒಂದು ಪತ್ರಿಕೆ ಬಂತು, ಜೊತೆಗೆ ಒಂದು ಚೀಟಿಯೂ ಇಲ್ಲ. ಶ್ಯಾಮಲಮ್ಮನವರ ಕೋಣೆಯಲ್ಲಿ ನಿಂತೇ ಅವಳು ಹಾಳೆ ತಿರುವಿದಳು. ಚಪ್ಪಟೆ ಉಂಗುರವಿತ್ತು. ನೀರಿನ ಗುಡ್ಡವಿತ್ತು, ಅದು ಒಂದು ಅಣುವನ್ನು ಇನ್ನೊಂದಕ್ಕೆ ಹೇಗೆ ಹಿಡಿದು ನಿಲ್ಲಿಸಿದೆ ಎಂಬ ವಿವರವೂ ಇತ್ತು. ರಾಗಿ ಹಗೇವಿನ ಸಾಲು ಒಂದಕ್ಷರ ಬದಲಾಗದೆ ಇತ್ತು. ಮೇಲೆ ಇಬ್ಬರ ಹೆಸರು. ಮೊದಲನೆಯದು ವೆಂಕಟರತ್ನಮ್ಮ, ಎರಡನೆಯದು ಕೋದಂಡರಾಮಪ್ಪ.

"ನೋಡಿದ್ಯಾ!" ಎಂದರು ಶ್ಯಾಮಲಮ್ಮ, ಸಂತೋಷದಿಂದ ಅವಳ ಕೈ ಹಿಡಿದು. "ಇಂಗ್ಲಿಷ್ ಅಕ್ಷರದ ಸರದಿಯಲ್ಲಿ ಅವರದೇ ಮೊದಲು ಬರಬೇಕು. ದೊಡ್ಡತನಕ್ಕೂ ಅವರೇ ಮೊದಲು. ಆದ್ರೂ ನಿನ್ ಹೆಸರು ಮುಂದಿಟ್ಟಿದ್ದಾರೆ. ಎಂಥ ದೊಡ್ಡ ಮನಸ್ಸಮ್ಮ! ಇವತ್ತೇ ಕೂತು ಅವರಿಗೊಂದು ಕಾಗದ ಬರಿ."

ರತ್ನಮ್ಮ ಅಚ್ಚಾದ ತನ್ನ ಹೆಸರಿನ ಮೇಲೆ ಬೆರಳಾಡಿಸಿದಳು. ಎದೆ ತುಂಬಿ ಬಂತು. ಎಷ್ಟು ತುಂಬಿತೆಂದರೆ, ಅದರ ಅಡಿಯಲ್ಲಿದ್ದ ಸಿಟ್ಟೂ ಮೇಲೆ ತೇಲಿತು.

"ಕೆಲಸ ನಂದು, ಹೆಸರು ಮುಂದೆ ಇದೆ. ಅದರಲ್ಲಿ ದೊಡ್ಡ ಮನಸ್ಸೇನು ಬಂತಮ್ಮ?" ಎಂದಳು. "ಇಷ್ಟು ಬರೆಯೋಕೆ ಮನಸ್ಸಿದ್ದೋರಿಗೆ, ಲಾರೀಲಿ ಒಂದು ಸೀಟು ಕೊಡೋಕೆ ಮನಸ್ಸಿರ್ಲಿಲ್ವಾ? ಬರೀತೀನಿ. ಇದನ್ನೇ ಬರೀತೀನಿ."